ನೆರೆ ಬಂದ ದೇಶಕ್ಕೆ ನೆರೆಹೊರೆಯವರ ಹಣ



ಹೋದ ಸಂಚಿಕೆಯಲ್ಲಿ ನಾನು ಬರೆದ ‘ಒಂಟೆ’ ಲೇಖನ ಓದಿ ಕೆಲವರು ನಕ್ಕಿರಿ. ಈ ಸಲದ ವಿಷಯದಲ್ಲಿ ನಗುವಂಥದ್ದು ಕಡಿಮೆ. ಲೆಕ್ಕ ಮಾತ್ರ ಇದೆ. ಲೆಕ್ಕ ಬಂದ ಕೂಡಲೇ ಪಕ್ಕದ ಚಿತ್ರ ನೋಡಲು ಹೋಗಬೇಡಿರಿ, ದಯವಿಟ್ಟು ಪೂರ್ತಿ ಓದಿರಿ.

ಮೊದಲು ನಮ್ಮ ಆಯಿಯ ಆಡಿನ ಸುದ್ದಿ ಹೇಳುತ್ತೇನೆ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭಾ ಹೊಳೆ ಬಂದಾಗ ನಾನು ಸಣ್ಣವಳಿದ್ದೆ. ಆಯಿಯ ಮನೆಯ ಹಿಂದಿನ ಗೋಡೆ ಬಿತ್ತು. ಎರಡು ಆಡು ನೀರಿನಲ್ಲಿ ಹೋದವು. ನೀರು ಇಳಿದ ಮೇಲೆ ನಷ್ಟ ಬರೆದುಕೊಳ್ಳಲು ಬಂದವರು ಗೋಡೆಯನ್ನು ಬರೆದುಕೊಂಡರು, ಆಡು ಬರೆದುಕೊಳ್ಳಲಿಲ್ಲ. “ಸತ್ತ ಆಡು ಎಲ್ಲಿ ಅದಾವು, ತೋರಸ್ರಿ ಆಯಿ” ಎಂದರಂತೆ. “ಹೊಳಿ ಒಯ್ದದ್ದನ್ನ ಹೊಳೀನ ಕೇಳ್ರೆಪಾ” ಎಂದಳಂತೆ ನಮ್ಮ ಆಯಿ. ಮನೆಯಲ್ಲಿ ಈಗಲೂ ರೊಕ್ಕದ ಮಾತು ಬಂದರೆ ಸಾಕು, ಆ ಎರಡು ಆಡು ಬಂದೇ ಬರುತ್ತವೆ.

ಹೋದ ತಿಂಗಳು ಸಮಾಜ ಪಾಠದಲ್ಲಿ ಸರ್ ಯುರೋಪಿನ ಭೂಪಟ ತೂಗುಹಾಕಿ ನದಿಗಳನ್ನು ತೋರಿಸುತ್ತಿದ್ದರು. ಎಲ್ಬ ನದಿ ಬಂತು. “2002ರಲ್ಲಿ ಈ ನದಿಗೆ ಭಾರಿ ನೆರೆ ಬಂದು ಹಲವು ದೇಶಗಳಿಗೆ ನಷ್ಟವಾಯಿತು, ಅದರಿಂದ ಒಂದು ಹೊಸ ನಿಧಿಯೇ ಹುಟ್ಟಿತು” ಎಂದರು. ನಾನು ಎದ್ದು ನಿಂತು, “ಅಲ್ಲಿ ಯಾರು ಬರ್ಕೊಳ್ತಾರ್ರೀ ಸರ್? ಆಡಿಗೂ ಕೊಡ್ತಾರೇನ್ರೀ?” ಎಂದು ಕೇಳಿದೆ. ತರಗತಿಯೆಲ್ಲ ನಕ್ಕಿತು. ಸರ್ ನಗಲಿಲ್ಲ. ಎರಡು ದಿನ ಸಂಜೆ ಕೂಡ್ರಿಸಿಕೊಂಡು ತಿಳಿಸಿ ಹೇಳಿದರು, ಓದಲು ಕಾಗದ ಕೊಟ್ಟರು. ಅದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಲ್ಟಾವಾ ಎಂಬ ನದಿ ಜೆಕ್ ದೇಶದ ರಾಜಧಾನಿ ಪ್ರಾಗ್ ಊರಿನ ನಡುವೆ ಹರಿದು ಎಲ್ಬ ನದಿಗೆ ಕೂಡುತ್ತದೆ. ಎಲ್ಬ ಮುಂದೆ ಜರ್ಮನಿಗೆ ಹೋಗಿ, ಡ್ರೆಸ್ಡೆನ್ ಎಂಬ ಹಳೆಯ ಚಂದದ ಊರನ್ನು ದಾಟಿ ಸಮುದ್ರ ಸೇರುತ್ತದೆ. ಮೇಲಿನ ದೇಶದಲ್ಲಿ ಬಿದ್ದ ಮಳೆ ಕೆಳಗಿನ ದೇಶಕ್ಕೆ ಹೋಗಲೇಬೇಕು. 2002ರ ಆಗಸ್ಟಿನಲ್ಲಿ ಹೀಗೇ ಆಯಿತು. ಪ್ರಾಗ್‌ನಲ್ಲಿ ನೆಲದ ಕೆಳಗೆ ಓಡುವ ರೈಲಿನ ನಿಲ್ದಾಣಗಳಲ್ಲಿ ನೀರು ತುಂಬಿತು. ಅಲ್ಲಿಯ ಪ್ರಾಣಿ ಸಂಗ್ರಹಾಲಯವೂ ಮುಳುಗಿತು. ಅಲ್ಲಿದ್ದ ಗ್ಯಾಸ್ಟನ್ ಎಂಬ ಸೀಲ್ ಪ್ರಾಣಿ ನೆರೆಯ ನೀರಿನೊಳಗೆ ತಪ್ಪಿಸಿಕೊಂಡು, ವಲ್ಟಾವಾದಿಂದ ಎಲ್ಬಗೆ ಬಂದು, ಸುಮಾರು 300 ಕಿ.ಮೀ. ಈಜಿ ಜರ್ಮನಿಯಲ್ಲಿ ಸಿಕ್ಕಿತು. ಪಾಪ, ವಾಪಸ್ ಕರೆತರುವಾಗ ದಾರಿಯಲ್ಲೇ ಸತ್ತಿತು. ಇದನ್ನು ಓದಿದಾಗ ನನಗೆ ಆಯಿಯ ಆಡು ನೆನಪಾದವು. ಅವೂ ಎಷ್ಟು ದೂರ ಹೋದವೋ ಏನೋ.

ಡ್ರೆಸ್ಡೆನ್‌ನಲ್ಲಿ ಹೊಳೆಯ ದಂಡೆಗೆ ನೀರು ಅಳೆಯುವ ಗುರುತು ಇದೆ. ಎಂದಿನ ದಿನ ಅದರಲ್ಲಿ ನೀರು 2 ಮೀಟರಿನ ಹತ್ತಿರ ಇರುತ್ತದೆ. 2002ರ ಆಗಸ್ಟ್ 17ರಂದು 9 ಮೀಟರ್ 40 ಸೆಂಟಿಮೀಟರ್ ತೋರಿಸಿತು. ಊರಿನ ದೊಡ್ಡ ರೈಲು ನಿಲ್ದಾಣ ಮತ್ತು ಚಿತ್ರಶಾಲೆಯ ಕಟ್ಟಡದೊಳಕ್ಕೂ ನೀರು ಹೊಕ್ಕಿತು. ನೆಲಮಾಳಿಗೆಯಲ್ಲಿದ್ದ ಹಳೆಯ ಚಿತ್ರಗಳನ್ನು ಜನ ಕೈಯಲ್ಲಿ ಹೊತ್ತು ಮೇಲಿನ ಮಹಡಿಗೆ ಸಾಗಿಸಿದರು.

ಜರ್ಮನಿ ಶ್ರೀಮಂತ ದೇಶ, ಅದಕ್ಕೆ ಯಾಕೆ ಬೇರೆಯವರ ಹಣ ಎಂದು ನನ್ನ ಬೆಂಚಿನ ಗೆಳತಿ ಕೇಳಿದಳು. ನನಗೂ ಹಾಗೇ ಅನಿಸಿತ್ತು. ಆದರೆ ನೆರೆ ದೇಶದ ಲೆಕ್ಕ ನೋಡಿ ಬರುವುದಿಲ್ಲವಲ್ಲ. ಒಂದೇ ಬಾರಿಗೆ ರಸ್ತೆ, ಸೇತುವೆ, ಶಾಲೆ, ಆಸ್ಪತ್ರೆ, ವಿದ್ಯುತ್ತು ಎಲ್ಲ ಹೋದರೆ ಆ ವರ್ಷ ಬೇರೆ ಯಾವ ಕೆಲಸಕ್ಕೂ ಹಣ ಉಳಿಯುವುದಿಲ್ಲ. ಆಗ 15 ದೇಶಗಳು ಸೇರಿ ಐರೋಪ್ಯ ಒಕ್ಕೂಟ ಆಗಿತ್ತು (ಈಗ 27 ಇವೆ). ಅವರು ಬೇಗನೆ ಮಾತಾಡಿಕೊಂಡು 2002ರ ನವೆಂಬರಿನಲ್ಲೇ ‘ಒಗ್ಗಟ್ಟಿನ ನಿಧಿ’ ಎಂಬುದಕ್ಕೆ ಕಾಯಿದೆ ಮಾಡಿದರು. ಮೊದಲ ಸಹಾಯ ಜರ್ಮನಿಗೆ 44 ಕೋಟಿ 40 ಲಕ್ಷ ಯೂರೋ, ಆಸ್ಟ್ರಿಯಾಕ್ಕೆ 13 ಕೋಟಿ 40 ಲಕ್ಷ, ಜೆಕ್ ದೇಶಕ್ಕೆ 12 ಕೋಟಿ 90 ಲಕ್ಷ, ಮತ್ತು ಅದೇ ವರ್ಷ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾಗಕ್ಕೆ ನೆರೆ ಬಂದಿದ್ದ ಫ್ರಾನ್ಸಿಗೆ 2 ಕೋಟಿ 10 ಲಕ್ಷ ಯೂರೋ ಹೋಯಿತು. ಯೂರೋ ಎಂದರೆ ಅಲ್ಲಿಯ ಹಲವು ದೇಶಗಳು ಕೂಡಿ ಬಳಸುವ ನಾಣ್ಯ.

ಇಲ್ಲಿ ಒಂದು ಮಾತು ಗಮನಿಸಿರಿ. 2002ರಲ್ಲಿ ಜೆಕ್ ದೇಶ ಇನ್ನೂ ಒಕ್ಕೂಟದ ಸದಸ್ಯ ಆಗಿರಲಿಲ್ಲ. ಅದು ಸೇರಿದ್ದು 2004ರ ಮೇ 1ರಂದು. ಸೇರಲು ಮಾತುಕತೆ ನಡೆಸುತ್ತಿರುವ ದೇಶಕ್ಕೂ ಕೊಡಬಹುದು ಎಂದು ಕಾಯಿದೆಯಲ್ಲಿ ಬರೆದಿದ್ದರಿಂದ ಅದಕ್ಕೂ ಸಿಕ್ಕಿತು. ಇನ್ನೂ ಪಟ್ಟಿ ಕೊಡದ ಮನೆಯವರನ್ನೂ ಊಟಕ್ಕೆ ಕರೆದ ಹಾಗೆ ಇದು. ನನಗೆ ಇದು ಬಹಳ ಸೇರಿತು.

ಪಟ್ಟಿ ಎಂದದ್ದು ಯಾಕೆಂದರೆ ಈ ಹಣ ಬರುವ ರೀತಿಯೂ ನಮ್ಮ ಊರ ಜಾತ್ರೆಯ ಪಟ್ಟಿಯಂತೆಯೇ ಇದೆ. ಹೆಚ್ಚು ಹೊಲ ಇದ್ದವರಿಗೆ ಹೆಚ್ಚು ಪಟ್ಟಿ, ಇಲ್ಲದವರಿಗೆ ಕಡಿಮೆ. ಒಕ್ಕೂಟದಲ್ಲಿಯೂ ಪ್ರತಿ ದೇಶ ಕೊಡುವ ಹಣದ ದೊಡ್ಡ ಪಾಲು ಅದರ ಆದಾಯದ ಮೇಲೆ ನಿಂತಿದೆ. ಒಂದು ವ್ಯತ್ಯಾಸ ಇದೆ. ಜಾತ್ರೆ ಯಾವಾಗ ಬರುತ್ತದೆ ಎಂದು ನಮಗೆ ಗೊತ್ತು. ನೆರೆ, ಭೂಕಂಪ ಯಾರ ಮನೆಗೆ ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಅದಕ್ಕೇ ಎಲ್ಲರೂ ಮೊದಲೇ ಒಪ್ಪಿಕೊಂಡಿರಬೇಕು. ಬಿದ್ದ ಮೇಲೆ ಕೈಚಾಚಿದರೆ ಕೊಡುವವನ ಮುಖ ನೋಡಬೇಕಾಗುತ್ತದೆ. ಮೊದಲೇ ನಿಯಮ ಇದ್ದರೆ ಅರ್ಜಿ ಹಾಕಿ ನಿಯಮದ ಪ್ರಕಾರ ಕೇಳಬಹುದು. ಮುಯ್ಯಾಳು ಕರೆಯುವಾಗ ಯಾರಿಗೂ ನಾಚಿಕೆ ಇಲ್ಲ ನೋಡಿರಿ, ಹಾಗೆ.

ಈಗ ಲೆಕ್ಕ. ಗಟ್ಟಿಯಾಗಿ ಕುಳಿತುಕೊಳ್ಳಿರಿ.

ಸಣ್ಣಪುಟ್ಟ ಮಳೆಗೆಲ್ಲ ಈ ನಿಧಿ ಕೊಡುವುದಿಲ್ಲ. ನಷ್ಟ ಒಂದು ಗೆರೆ ದಾಟಬೇಕು. 2011ರ ಬೆಲೆಯಲ್ಲಿ 300 ಕೋಟಿ ಯೂರೋ, ಇಲ್ಲವೇ ಆ ದೇಶದ ವರ್ಷದ ಆದಾಯದ ನೂರಕ್ಕೆ 0.6 ಭಾಗ, ಇವೆರಡರಲ್ಲಿ ಯಾವುದು ಕಡಿಮೆಯೋ ಅದೇ ಗೆರೆ. ಇದರಿಂದ ಸಣ್ಣ ದೇಶಕ್ಕೆ ಅನುಕೂಲ. ಒಂದು ಭಾಗಕ್ಕೆ ಮಾತ್ರ ಪೆಟ್ಟು ಬಿದ್ದರೆ ಬೇರೆ ನಿಯಮ ಇದೆ, ಅದನ್ನು ಇಲ್ಲಿ ಬಿಟ್ಟಿದ್ದೇನೆ. ಗೆರೆಯವರೆಗಿನ ನಷ್ಟಕ್ಕೆ ನೂರಕ್ಕೆ 2.5, ಗೆರೆಯ ಮೇಲಿನ ನಷ್ಟಕ್ಕೆ ನೂರಕ್ಕೆ 6 ಲೆಕ್ಕ ಹಾಕಿ ಸಹಾಯ ಕೊಡುತ್ತಾರೆ.

ಒಂದು ಕಲ್ಪನೆಯ ದೇಶಕ್ಕೆ 500 ಕೋಟಿ ನಷ್ಟ ಆಯಿತು ಎನ್ನೋಣ. ಅದರ ಗೆರೆ 300 ಕೋಟಿ.
300 ಕೋಟಿಗೆ ನೂರಕ್ಕೆ 2.5 = 7.5 ಕೋಟಿ.
ಉಳಿದ 200 ಕೋಟಿಗೆ ನೂರಕ್ಕೆ 6 = 12 ಕೋಟಿ.
ಒಟ್ಟು 19.5 ಕೋಟಿ.

ನಷ್ಟ 500 ಕೋಟಿ, ಬಂದದ್ದು 19.5 ಕೋಟಿ! ರೂಪಾಯಿಗೆ ನಾಲ್ಕು ಪೈಸೆಯೂ ಆಗಲಿಲ್ಲ. ನಾನು ತಪ್ಪು ಮಾಡಿದೆನೋ ಏನೋ ಎಂದು ಮೂರು ಸಲ ಮಾಡಿದೆ. ಗಣಿತದ ಟೀಚರಿಗೂ ತೋರಿಸಿದೆ. ಸರಿಯಾಗಿಯೇ ಇದೆ. ಹೀಗಿದ್ದರೆ ಇದಕ್ಕೆ ಇಷ್ಟು ದೊಡ್ಡ ಹೆಸರು ಯಾಕೆ ಎಂದು ನನಗೆ ಸ್ವಲ್ಪ ಸಿಟ್ಟು ಬಂತು. ಸರ್ ಹೇಳಿದರು, ಇದು ನಷ್ಟ ತುಂಬಿಕೊಡುವ ಹಣ ಅಲ್ಲ, ಎದ್ದು ನಿಲ್ಲಲು ಕೊಡುವ ಕೈ. ಉಳಿದದ್ದನ್ನು ಆ ದೇಶವೇ ನೋಡಿಕೊಳ್ಳಬೇಕು.

ಯಾವುದಕ್ಕೆ ಖರ್ಚು ಮಾಡಬಹುದು ಎಂಬುದೂ ನಿಯಮದಲ್ಲಿದೆ. ಕೆಟ್ಟುಹೋದ ರಸ್ತೆ, ಸೇತುವೆ, ಕುಡಿಯುವ ನೀರು, ವಿದ್ಯುತ್, ಶಾಲೆ, ಆಸ್ಪತ್ರೆ ಸರಿಮಾಡಲು, ಮನೆ ಕಳೆದುಕೊಂಡವರಿಗೆ ತಾತ್ಕಾಲಿಕ ವಸತಿ ಕೊಡಲು, ಕೆಸರು ತೆಗೆಯಲು, ಒಡ್ಡು ಭದ್ರ ಮಾಡಲು, ಹಳೆಯ ಗುಡಿ ಸ್ಮಾರಕ ಕಾಯಲು ಆಗುತ್ತದೆ. ಒಬ್ಬರ ಸ್ವಂತ ಮನೆಯ ಗೋಡೆಗೆ ಇಲ್ಲ. ಆಡಿಗಂತೂ ಇಲ್ಲವೇ ಇಲ್ಲ. ಇದನ್ನು ಆಯಿಗೆ ಹೇಳಿದೆ. “ಅಂದ್ರ ನಮ್ಮೂರೇ ಪಾಡು ಬಿಡು” ಎಂದಳು. ಒಂದು ರೀತಿಯಲ್ಲಿ ಅದು ನಿಜ. ನಮ್ಮ ದೇಶದಲ್ಲಿ ರಾಜ್ಯಗಳಿಗೆ ವಿಪತ್ತು ನಿಧಿ ಇದೆ. ಕರ್ನಾಟಕದ ನಿಧಿಯಲ್ಲಿ 100 ರೂಪಾಯಿಗೆ 75 ಕೇಂದ್ರದ್ದು, 25 ರಾಜ್ಯದ್ದು. ಅದರಲ್ಲಿ ಮನೆಗೂ ಬೆಳೆಗೂ ದನಕರುಗಳಿಗೂ ಪಾಲು ಇದೆ. ಬರೆದುಕೊಂಡರೆ!

ಬರಗಾಲಕ್ಕೂ ಆ ನಿಧಿಯಿಂದ ಕೊಟ್ಟದ್ದುಂಟು. 2008ರಲ್ಲಿ ಸೈಪ್ರಸ್ ಎಂಬ ದ್ವೀಪ ದೇಶಕ್ಕೆ ಮಳೆ ಇಲ್ಲದೆ ಕುಡಿಯುವ ನೀರಿಗೆ ತ್ರಾಸಾಯಿತು. ಆಗ ಗ್ರೀಸ್ ದೇಶದಿಂದ ಹಡಗಿನಲ್ಲಿ ನೀರು ತಂದರು. ಆ ಖರ್ಚಿಗೆ 76 ಲಕ್ಷ ಯೂರೋ ಸಿಕ್ಕಿತು. ನಾವು ಟ್ಯಾಂಕರ್ ನೋಡಿದ್ದೇವೆ, ನೀರಿನ ಹಡಗು ನೋಡಿಲ್ಲ.

ಇನ್ನು ನಮ್ಮ ತರಗತಿಯಲ್ಲಿ ಜಗಳವೇ ಆದ ಸಂಗತಿ. ಇಟಲಿಯಲ್ಲಿ ಲಾಕ್ವಿಲಾ ಎಂಬ ಬೆಟ್ಟದ ಊರಿದೆ. 2009ರ ಏಪ್ರಿಲ್ 6ರ ನಸುಕಿನಲ್ಲಿ ಮೂರೂವರೆ ಗಂಟೆಗೆ ಜನ ಮಲಗಿದ್ದಾಗ ಭೂಕಂಪ ಆಯಿತು. 300ಕ್ಕೂ ಹೆಚ್ಚು ಜನ ಸತ್ತರು. ನಷ್ಟ 1,000 ಕೋಟಿ ಯೂರೋ ದಾಟಿತು. ನಿಧಿಯಿಂದ 49 ಕೋಟಿ 38 ಲಕ್ಷ ಯೂರೋ ಬಂತು. ನಿಯಮದ ಪ್ರಕಾರ ಆ ಹಣದಲ್ಲಿ ತಾತ್ಕಾಲಿಕ ಮನೆ ಮಾತ್ರ ಕಟ್ಟಬೇಕು. ಇಟಲಿಯವರು ಅದರ ದೊಡ್ಡ ಪಾಲು, ನೂರಕ್ಕೆ 70ರಷ್ಟು, ಹಾಕಿ ಭೂಕಂಪ ತಡೆಯುವ ಕಂಬಗಳ ಮೇಲೆ 185 ಹೊಸ ಕಟ್ಟಡಗಳ ಯೋಜನೆ ಮಾಡಿದರು. ಸುಮಾರು 15,000 ಜನರಿಗೆ ಮನೆ ಆಯಿತು. ಒಕ್ಕೂಟದ ಲೆಕ್ಕ ತಪಾಸಣೆ ಮಾಡುವವರು ಬಂದು ನೋಡಿದರು. 2013ರಲ್ಲಿ ಅವರ ವರದಿ ಹೊರಬಿತ್ತು. ಜನರಿಗೆ ಮನೆಯ ಅಗತ್ಯ ಇದ್ದದ್ದು ನಿಜ, ಆದರೆ ಇವು ಕಾಯಂ ಮನೆಗಳು, ನಿಯಮಕ್ಕೆ ಹೊಂದುವುದಿಲ್ಲ, ಖರ್ಚೂ ಸಾಮಾನ್ಯ ಮನೆಗಿಂತ ಬಹಳ ಹೆಚ್ಚಾಗಿದೆ ಎಂದರು.

ಯಾರದು ಸರಿ? ಹುಡುಗರ ಸಾಲಿನವರು ಇಟಲಿಯ ಕಡೆ ಆದರು. “ತಗಡಿನ ಶೆಡ್ಡಿನ್ಯಾಗ ಇದ್ದು ನೋಡ್ರಿ, ಆಮ್ಯಾಲ ನಿಯಮ ಹೇಳ್ರಿ” ಎಂದು ಒಬ್ಬನು ಜೋರು ಮಾಡಿದ. ಅವನ ಮನೆಯವರು 2019ರಲ್ಲಿ ಶೆಡ್ಡಿನಲ್ಲಿ ಇದ್ದವರು, ಆದ್ದರಿಂದ ಯಾರೂ ಎದುರು ಮಾತಾಡಲಿಲ್ಲ. ನನಗೂ ಮೊದಲು ಹಾಗೇ ಅನಿಸಿತು. ರಾತ್ರಿ ಮಲಗಿಕೊಂಡು ಯೋಚಿಸಿದಾಗ ಬೇರೆ ಅನಿಸಿತು. 15,000 ಜನರಿಗೆ ದುಬಾರಿ ಮನೆ ಆಯಿತು, ಆದರೆ ಮನೆ ಕಳೆದುಕೊಂಡವರು ಅಷ್ಟೇ ಜನ ಅಲ್ಲ, ಅದಕ್ಕಿಂತ ಬಹಳ ಹೆಚ್ಚು. ಅದೇ ಹಣದಲ್ಲಿ ಸಾದಾ ಮನೆ ಕಟ್ಟಿದ್ದರೆ ಇನ್ನೂ ಎಷ್ಟೋ ಮಂದಿ ಒಳಗೆ ಮಲಗುತ್ತಿದ್ದರು. ಹಣ ಇಟಲಿಯದು ಮಾತ್ರ ಅಲ್ಲ, ಎಲ್ಲ ದೇಶಗಳ ಬಡವರ ಶ್ರೀಮಂತರ ತೆರಿಗೆಯದು. ಆದ್ದರಿಂದ ತಪಾಸಣೆಯವರು ಕೇಳಿದ್ದು ತಪ್ಪಲ್ಲ ಎಂದು ನನ್ನ ಅಭಿಪ್ರಾಯ. ಆದರೆ ತಾತ್ಕಾಲಿಕ ಎಂದು ಕಟ್ಟಿದ ಶೆಡ್ಡಿನಲ್ಲಿ ಜನ ವರ್ಷಗಟ್ಟಲೆ ಇದ್ದುಬಿಟ್ಟರೆ ಏನು ಮಾಡುವುದು ಎಂಬುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಯಾರಿಗಾದರೂ ಹೊಳೆದರೆ ಬರೆದು ಕೊಡಿರಿ.

ಈ ನಿಧಿಯ ಮೇಲಿರುವ ಇನ್ನೊಂದು ದೊಡ್ಡ ದೂರು ತಡ ಆಗುವುದು. ಭೂಕಂಪ ಆದ ದಿನವೇ ಯಾರೂ ಚೀಲ ತುಂಬಿಕೊಂಡು ಬರುವುದಿಲ್ಲ. ಪೆಟ್ಟು ತಿಂದ ದೇಶ ನಷ್ಟ ಎಣಿಸಿ ಅರ್ಜಿ ಹಾಕಬೇಕು. ಅದಕ್ಕೆ ಮೊದಲು 10 ವಾರ ಇತ್ತು, 2014ರಲ್ಲಿ 12 ವಾರ ಮಾಡಿದರು. ಆಮೇಲೆ ಅರ್ಜಿಯನ್ನು ಪರೀಕ್ಷೆ ಮಾಡಬೇಕು, ಒಕ್ಕೂಟದ ಸಂಸತ್ತೂ ದೇಶಗಳ ಸರಕಾರಗಳ ಮಂಡಳಿಯೂ ಒಪ್ಪಬೇಕು. ಇಷ್ಟೆಲ್ಲ ಆಗುವಾಗ ಎಷ್ಟೋ ತಿಂಗಳು ಕಳೆಯುತ್ತದೆ. ಅದಕ್ಕೇ 2014ರಲ್ಲಿ ಮುಂಗಡ ಕೊಡುವ ಪದ್ಧತಿ ತಂದರು. ಆಗ ಬರಬಹುದಾದ ಹಣದ ಹತ್ತರಲ್ಲಿ ಒಂದು ಪಾಲು, ಹೆಚ್ಚೆಂದರೆ 3 ಕೋಟಿ ಯೂರೋ. 2020ರಲ್ಲಿ ಅದನ್ನು ಕಾಲು ಭಾಗಕ್ಕೆ ಏರಿಸಿ ಹೆಚ್ಚೆಂದರೆ 10 ಕೋಟಿ ಎಂದು ಮಾಡಿದರು. 2023ರ ಆಗಸ್ಟಿನಲ್ಲಿ ಸ್ಲೊವೇನಿಯಾ ಎಂಬ ಸಣ್ಣ ದೇಶಕ್ಕೆ ಭಾರಿ ನೆರೆ ಬಂದಾಗ ಈ 10 ಕೋಟಿ ಮುಂಗಡ ಸಿಕ್ಕಿತು. ಒಟ್ಟು ಸಹಾಯ 42 ಕೋಟಿ 84 ಲಕ್ಷ ಯೂರೋ ಆಯಿತು. ಆ ದೇಶದ ಜನಸಂಖ್ಯೆ ಬರೀ 20 ಲಕ್ಷದ ಸುಮಾರು.

ಹಾಗಾದರೆ ನಷ್ಟ ಎಣಿಸದೆಯೇ ಹಣ ಕೊಡಲು ಬರುವುದಿಲ್ಲವೇ? ಬರುತ್ತದೆ! ಇದಕ್ಕೆ ಯುರೋಪ್ ಬಿಟ್ಟು ವೆಸ್ಟ್ ಇಂಡೀಸ್ ಕಡೆ ಹೋಗಬೇಕು. ಹೌದು, ಕ್ರಿಕೆಟ್ ಆಡುವ ವೆಸ್ಟ್ ಇಂಡೀಸ್. ಅದು ಒಂದು ದೇಶ ಅಲ್ಲ, ಕೆರಿಬಿಯನ್ ಸಮುದ್ರದ ಬೇರೆ ಬೇರೆ ಸಣ್ಣ ದೇಶಗಳು ಸೇರಿ ಒಂದು ತಂಡ ಮಾಡಿಕೊಂಡಿವೆ. ಅವುಗಳಲ್ಲಿ ಗ್ರೆನಡಾ ಒಂದು. 2004ರ ಸೆಪ್ಟೆಂಬರಿನಲ್ಲಿ ಐವಾನ್ ಎಂಬ ಚಂಡಮಾರುತ ಅಲ್ಲಿ ಹತ್ತು ಮನೆಗಳಲ್ಲಿ ಒಂಬತ್ತರಷ್ಟನ್ನು ಕೆಡಿಸಿತು. ಕ್ರಿಕೆಟ್ ಮೈದಾನವೂ ಹಾಳಾಯಿತು. ಆದ ನಷ್ಟ ಆ ದೇಶದ ಎರಡು ವರ್ಷದ ಆದಾಯದಷ್ಟು. ಆಮೇಲೆ ಆ ದ್ವೀಪ ದೇಶಗಳು ಕೂಡಿ, ಬೇರೆ ದೇಶಗಳ ಮತ್ತು ವಿಶ್ವ ಬ್ಯಾಂಕಿನ ನೆರವಿನಿಂದ 2007ರಲ್ಲಿ ಒಂದು ಕೂಡು ವಿಮೆ ಮಾಡಿಕೊಂಡವು. ಪ್ರತಿ ದೇಶ ವರ್ಷ ವರ್ಷ ಕಂತು ಕಟ್ಟುತ್ತದೆ. ಇಲ್ಲಿ ಯಾರೂ ಬಂದು ಗೋಡೆ ಎಣಿಸುವುದಿಲ್ಲ. ಗಾಳಿಯ ವೇಗ ಎಷ್ಟು, ಭೂಕಂಪದ ಅಳತೆ ಎಷ್ಟು, ಎಲ್ಲಿ ಬಡಿಯಿತು, ಇಷ್ಟು ನೋಡಿ ಲೆಕ್ಕ ಹಾಕಿ ಕೊಟ್ಟುಬಿಡುತ್ತಾರೆ. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಘೋರ ಭೂಕಂಪ ಆದಾಗ ಎರಡು ವಾರದಲ್ಲಿ 77 ಲಕ್ಷ 50 ಸಾವಿರ ಡಾಲರ್ ತಲುಪಿತು. ಬೇಗ ತಲುಪಿತು, ಆದರೆ ಹೈಟಿಯ ಕಷ್ಟದ ಮುಂದೆ ಅದು ಬಹಳ ಸಣ್ಣ ಮೊತ್ತ. ಈ ಪದ್ಧತಿಯಲ್ಲಿ ಇನ್ನೊಂದು ತೊಡಕೂ ಇದೆ. ಗಾಳಿಯ ಲೆಕ್ಕ ಗೆರೆಗಿಂತ ಸ್ವಲ್ಪ ಕಡಿಮೆ ಬಂದರೆ, ಮನೆ ಬಿದ್ದಿದ್ದರೂ ಏನೂ ಸಿಗದೆ ಹೋಗಬಹುದು. ಎಣಿಸಿ ಕೊಟ್ಟರೆ ತಡ, ಎಣಿಸದೆ ಕೊಟ್ಟರೆ ತಪ್ಪು. ಎರಡರಲ್ಲಿ ಯಾವುದಾದರೂ ಒಂದನ್ನು ಮನುಷ್ಯ ಸಹಿಸಬೇಕಾಗುತ್ತದೆ ಎಂದು ಸರ್ ಹೇಳಿದರು.

ಮತ್ತೆ ಒಗ್ಗಟ್ಟಿನ ನಿಧಿಗೆ ಬರೋಣ. ಅದಕ್ಕೊಂದು ಬೇಲಿ ಇದೆ. 2023ರ ಫೆಬ್ರುವರಿ 6ರಂದು ಟರ್ಕಿ ಮತ್ತು ಸಿರಿಯಾ ದೇಶಗಳಲ್ಲಿ ಒಂದೇ ಭೂಕಂಪ ಆಯಿತು. ಟರ್ಕಿ ಒಕ್ಕೂಟಕ್ಕೆ ಸೇರಲು ಅರ್ಜಿ ಹಾಕಿದ ದೇಶ, ಆದ್ದರಿಂದ ಅದಕ್ಕೆ ಈ ನಿಧಿಯಿಂದ 40 ಕೋಟಿ ಯೂರೋ ಸಿಕ್ಕಿತು. ಸಿರಿಯಾ ಬೇಲಿಯ ಹೊರಗೆ. ಅದಕ್ಕೆ ಒಕ್ಕೂಟ ಬೇರೆ ಪರಿಹಾರದ ಹಣ ಕೊಟ್ಟಿತು, ಆದರೆ ಈ ನಿಧಿಯಲ್ಲಿ ಕೇಳುವ ಹಕ್ಕು ಅದಕ್ಕೆ ಇರಲಿಲ್ಲ. ನೆಲ ಎರಡೂ ಕಡೆ ಒಂದೇ ಸಲ ನಡುಗಿತ್ತು.

ಇಡೀ ಲೋಕಕ್ಕೇ ಇಂಥ ನಿಧಿ ಯಾಕಿಲ್ಲ ಎಂದು ಕೇಳಿದೆ. ಹವಾಮಾನ ಬದಲಾವಣೆಯಿಂದ ನಷ್ಟ ಆಗುವ ಬಡ ದೇಶಗಳಿಗಾಗಿ ಒಂದು ನಿಧಿ ಮಾಡಬೇಕೆಂದು 2022ರಲ್ಲಿ ಈಜಿಪ್ಟಿನಲ್ಲಿ ಸೇರಿದ ಎಲ್ಲ ದೇಶಗಳ ಸಭೆಯಲ್ಲಿ ಒಪ್ಪಿದರಂತೆ, 2023ರಲ್ಲಿ ದುಬೈ ಸಭೆಯಲ್ಲಿ ಅದನ್ನು ಆರಂಭ ಮಾಡಿದರಂತೆ. ಅದರ ವಿಷಯ ಇನ್ನೊಮ್ಮೆ ಬರೆಯುತ್ತೇನೆ, ಗೋಡೆಯಲ್ಲಿ ಜಾಗ ಮುಗಿಯಿತು ಎಂದು ಸಂಪಾದಕರು ಕೂಗುತ್ತಿದ್ದಾರೆ.

ಒಂದು ಮಾತು ಬಾಕಿ ಇದೆ. ಡ್ರೆಸ್ಡೆನ್‌ನಲ್ಲಿ ನೀರು ಎಲ್ಲಿಯವರೆಗೆ ಬಂತು ಎಂದು ಬರೆದಿಟ್ಟಿದ್ದಾರೆ. ನಾನು ಮತ್ತು ಬೆಂಚಿನ ಗೆಳತಿ ಸೇರಿ ನಮ್ಮ ಶಾಲೆಯ ಅಡುಗೆ ಕೋಣೆಯ ಹಿಂದಿನ ಗೋಡೆಯಲ್ಲಿ 2019ರ ನೀರಿನ ಕಲೆ ಹುಡುಕಿದೆವು. ಸುಣ್ಣ ಹೊಡೆದರೂ ಕಾಣುತ್ತದೆ. ಸ್ಕೇಲಿನಿಂದ ಅಳೆದೆವು, ನೆಲದಿಂದ 4 ಅಡಿ 3 ಅಂಗುಲ. ಕೆಂಪು ಇಟ್ಟಿಗೆಯ ಚೂರಿನಿಂದ ಗೆರೆ ಹಾಕಿ ಇಸವಿ ಬರೆದಿದ್ದೇವೆ, ಯಾರೂ ಅಳಿಸಬೇಡಿರಿ. ನಿಮ್ಮ ಮನೆಯಲ್ಲಿಯೂ ಆ ಕಲೆ ಇದ್ದರೆ ಅಳೆದು, ಏನೇನು ಹೋಯಿತು ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ತಂದುಕೊಡಿರಿ. ಆಡು, ಕೋಳಿ ಹೋಗಿದ್ದರೆ ಅವನ್ನೂ ಬರೆಯಿರಿ. ತೋರಿಸಬೇಕಾಗಿಲ್ಲ. ಮೊದಲ ಚೀಟಿ ನಾನು ಆಯಿಯ ಹೆಸರಿನಲ್ಲಿ ಹಾಕಿದ್ದೇನೆ.

— ಏಳನೇ ತರಗತಿಯ ವಿದ್ಯಾರ್ಥಿನಿ